ಜಾಥಾ ಸಾಕು, ಉಪ್ಪಿನ ಲೆಕ್ಕ ಕೇಳೋಣ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾದಾಗ ನಮ್ಮ ಕಡೆಯ ಹುಡುಗರು ನಿಜಕ್ಕೂ ಬೆಚ್ಚಿಬಿದ್ದಿದ್ದರು. ನಾನು ಪಾಠ ಮಾಡುವ ಸರ್ಕಾರಿ ಪದವಿ ಕಾಲೇಜು ಇರುವುದು ತುಮಕೂರು ಜಿಲ್ಲೆಯಲ್ಲಾದರೂ ಹಾಸನದ ಗಡಿ ನಮಗೆ ಕೂಗಳತೆಯಲ್ಲಿದೆ. ನೆಂಟಸ್ತಿಕೆ, ಸಂತೆ, ಜಾತ್ರೆ ಎಲ್ಲ ಅತ್ತಲೇ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತವರಲ್ಲಿ ನಮ್ಮ ವಿದ್ಯಾರ್ಥಿಗಳ ಚಿಕ್ಕಪ್ಪ, ಸೋದರಮಾವಂದಿರೂ ಇದ್ದರು. ಜುಲೈನಲ್ಲಿ ತಜ್ಞರ ಸಮಿತಿಯ ವರದಿ ಬಂತು. ಹಾಸನದಲ್ಲಿ ಅಸಹಜ ಏರಿಕೆಯೇನೂ ಕಾಣಲಿಲ್ಲ, ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ ಮೊದಲೇ ಇತ್ತು ಎಂಬುದು ಅದರ ತಿರುಳು. ಆಟೊ, ಕ್ಯಾಬ್ ಓಡಿಸುವವರು ಅವರಲ್ಲಿ ಎದ್ದು ಕಾಣುವಷ್ಟಿದ್ದರು ಎಂದು ಸರ್ಕಾರವೂ ಹೇಳಿತು. ಈ ಕೊನೆಯ ಮಾತನ್ನು ಹೆಚ್ಚಿನವರು ಓದಿ ಮರೆತರು. ನನಗೆ ಮರೆಯಲಾಗಲಿಲ್ಲ. ದಿನವಿಡೀ ಕೂತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಮೂತ್ರಕ್ಕೆ ಹೋಗಲೂ ಜಾಗ ಹುಡುಕುವ ಕೆಲಸ ಅದು.

ಅದಾದ ಮೇಲೆ ಕಾಲೇಜುಗಳು ಏನು ಮಾಡಿದವು? ನಮಗೆ ಬರುವುದನ್ನೇ ಮಾಡಿದೆವು. ಕಾರ್ಯಕ್ರಮ. ಹತ್ತೂವರೆಗೆ ಎಂದು ಅಚ್ಚಾಗಿದ್ದ ಹೃದಯ ಆರೋಗ್ಯ ಜಾಗೃತಿ ಸಭೆಗೆ ಅತಿಥಿಗಳು ಬಂದದ್ದು ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ಬೆಳಗಿನ ತಿಂಡಿ ಬಿಡಬಾರದು ಎಂಬ ವಿಷಯ ಬರುವ ಹೊತ್ತಿಗೆ ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಪಕ್ಕದವಳ ಹೆಗಲ ಮೇಲೆ ತಲೆಯಿಟ್ಟಿದ್ದಳು. ಆರೂವರೆಯ ಬಸ್ಸು ಹತ್ತಿ ಬಂದವಳು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಮೇಲೆ ಪ್ರತಿಜ್ಞಾವಿಧಿ, ಫೋಟೊ, ಊರ ಬೀದಿಯಲ್ಲಿ ಜಾಥಾ.

ನಾನು ಅರ್ಥಶಾಸ್ತ್ರದವಳು, ಎನ್‌ಎಸ್‌ಎಸ್ ಘಟಕದ ಕಾರ್ಯಕ್ರಮಾಧಿಕಾರಿಯೂ ಹೌದು. ಜಾಥಾದಲ್ಲಿ ಹಿಡಿಯುವ ರಟ್ಟಿನ ಫಲಕಗಳನ್ನು ನಮ್ಮ ಘಟಕದ ಬೀರುವಿನಲ್ಲಿ ವಿಷಯವಾರು ಜೋಡಿಸಿಟ್ಟಿದ್ದೇವೆ: ತಂಬಾಕು, ಏಡ್ಸ್, ಪ್ಲಾಸ್ಟಿಕ್, ಮತದಾನ, ಈಗ ಹೃದಯ. ಅವುಗಳಿಂದ ಊರಲ್ಲಿ ಯಾರಾದರೂ ಬೀಡಿ ಬಿಟ್ಟರೆಂದು ನಾನು ಕೇಳಿಲ್ಲ. ಆದರೂ ವಿದ್ಯಾರ್ಥಿಗಳಿಗೆ ಆರೋಗ್ಯದ ತರಬೇತಿ ಕೊಡಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಮೈಕು ಹಿಡಿದು ನಿರರ್ಗಳವಾಗಿ ಮಾತಾಡುವ ಹುಡುಗನೇ. ನನ್ನ ತಕರಾರು ಇರುವುದು ಇಲ್ಲಿ. ಊರಿಗೆ ಬುದ್ಧಿ ಹೇಳುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಕೇಳುವವರು, ಕೇಳಿದ್ದನ್ನು ಬರೆದುಕೊಳ್ಳುವವರು, ಬರೆದದ್ದನ್ನು ಹಿಡಿದು ಯಾರಾದರೊಬ್ಬರ ಬಾಗಿಲು ತಟ್ಟುವವರು ಕಡಿಮೆ. ಹುಡುಗರಿಗೆ ಕಲಿಸಬೇಕಾದದ್ದು ಅದು. ಅದರ ಮೊದಲ ಪಾಠ ನಡೆಯಬೇಕಾದದ್ದೂ ಕಾಲೇಜಿನ ಕಾಂಪೌಂಡಿನೊಳಗೆ.

ಎನ್‌ಎಸ್‌ಎಸ್ ಹುಟ್ಟಿದ್ದು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ. ಅದಕ್ಕೆ ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವರು ಡಾ. ವಿ.ಕೆ.ಆರ್.ವಿ. ರಾವ್. ಆಗ ಅವರು ಬಳ್ಳಾರಿಯ ಸಂಸದರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಐಸೆಕ್ ಕಟ್ಟಿದವರೂ ಅವರೇ. ನಮ್ಮ ವಿಷಯದವರಿಗೆ ಮಾತ್ರ ಅವರು ಬೇರೊಂದು ಕಾರಣಕ್ಕೆ ದೊಡ್ಡವರು. ಬ್ರಿಟಿಷರ ಕಾಲದಲ್ಲಿ, ಸರಿಯಾದ ಅಂಕಿಅಂಶವೇ ಇಲ್ಲದ ದೇಶದಲ್ಲಿ, ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಲು ಕೂತವರು ಅವರು. ಸಲಹೆ ಕೊಡುವ ಮುಂಚೆ ಎಣಿಸಬೇಕು ಎಂಬ ಶಿಸ್ತಿನ ಮನುಷ್ಯ ಶುರುಮಾಡಿದ ಯೋಜನೆ ಇಂದು ಘೋಷಣೆ ಕೂಗುವುದಕ್ಕೆ ಬಂದು ನಿಂತಿದೆ.

ಎಣಿಸುವುದು ಎಂದರೆ ಏನು ಎಂದು ಒಂದು ಮನೆಯ ಜಗುಲಿಯಿಂದ ಹೇಳುತ್ತೇನೆ. ನಮ್ಮ ವಾರದ ಶಿಬಿರ ನಡೆದ ಹಳ್ಳಿಯಲ್ಲಿ ಉಪ್ಪಿನ ಬಗ್ಗೆ ಭಾಷಣ ಬೇಡ, ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿ ಬನ್ನಿ ಎಂದಿದ್ದೆ: ಒಂದು ಕೆಜಿ ಉಪ್ಪಿನ ಪ್ಯಾಕೆಟ್ ನಿಮ್ಮನೆಗೆ ಎಷ್ಟು ದಿನ ಬರುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿರುವುದೂ ಒಂದೇ: ತಲೆಗೆ ದಿನಕ್ಕೆ 5 ಗ್ರಾಂ ದಾಟಬಾರದು. ಐದು ಗ್ರಾಂ ಎಂದರೆ ಹಳ್ಳಿಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಪ್ಯಾಕೆಟ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆರು ಜನರ ಮನೆಗೆ ತಿಂಗಳಿಗೆ 900 ಗ್ರಾಂ. ಒಂದು ಪ್ಯಾಕೆಟ್ ತುಂಬವೂ ಬೇಕಿಲ್ಲ.

ಎರಡನೇ ಬಿ.ಎ. ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೇಳಿದಳು. ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ.

‘ಉಪ್ಪಿಗ್ ಯಾರವ್ವ ಲೆಕ್ಕ ಇಡ್ತಾರೆ? ಅದಿರ್ಲಿ, ನೀನು ಯಾರ ಮನೆ ಮಗಳು?’

ಊರು, ಅಪ್ಪನ ಹೆಸರು, ತಾತನ ಹೆಸರು ಎಲ್ಲ ಒಪ್ಪಿಸಿದ ಮೇಲೆ ದೂರದ ನೆಂಟಸ್ತಿಕೆಯೊಂದು ಹೊರಬಿತ್ತು. ಅಲ್ಲಿಂದ ಮಾತು ಸಲೀಸಾಯಿತು. ಒಳಗಿನಿಂದ ಸೊಸೆ ಕೂಗಿ ಹೇಳಿದರು, ಹದಿನೈದು ದಿನಕ್ಕೊಂದು ಪ್ಯಾಕೆಟ್ ಬೇಕೇಬೇಕು ಅಂತ. ಹುಡುಗಿ ಅಲ್ಲೇ ಮನೆಯ ಆರು ಜನಕ್ಕೆ ಭಾಗಿಸಿದಳು: ತಲೆಗೆ ದಿನಕ್ಕೆ 11 ಗ್ರಾಂ. ಕಣ್ಣರಳಿಸಿ ನನ್ನತ್ತ ನೋಡುವಷ್ಟರಲ್ಲಿ ಅಜ್ಜಿ, ‘ಎಮ್ಮೆ ಬೂಸಕ್ಕೂ ಅದ್ರಲ್ಲೇ ಹಾಕದು ಕಣವ್ವ’ ಅಂದರು. ಆ ಪುಸ್ತಕ ಇನ್ನೂ ನನ್ನ ಹತ್ತಿರವಿದೆ. 11ರ ಪಕ್ಕದಲ್ಲಿ ‘ಎಮ್ಮೆ ಪಾಲು ಕಳೆಯಬೇಕು’ ಎಂದು ಬರೆದಿದ್ದಾಳೆ. ಅದರ ಕೆಳಗೆ, ‘ಉಪ್ಪಿನಕಾಯಿ, ಹಪ್ಪಳಕ್ಕೆ ಕಲ್ಲುಪ್ಪು ಬೇರೆ. ಅದನ್ನು ಕೂಡಿಸಬೇಕು.’ ಸಂಶೋಧನಾ ವಿಧಾನದ ಬಗ್ಗೆ ಒಂದು ಸೆಮಿಸ್ಟರ್ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ.

ಆದರೆ ಆ ಮನೆಯ ದೊಡ್ಡ ಸಂಗತಿ ಉಪ್ಪಲ್ಲ. ಲೆಕ್ಕ ಮುಗಿಸಿ ಏಳುವಾಗ ಸೊಸೆ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: ಅತ್ತೆಗೆ ಬಿಪಿ ಮಾತ್ರೆ ಕೊಟ್ಟಿದ್ದಾರೆ, ತಲೆ ತಿರುಗಿದ ದಿನ ಮಾತ್ರ ನುಂಗುತ್ತಾರೆ, ಉಳಿದ ದಿನ ‘ಚೆನ್ನಾಗಿದೀನಲ್ಲ’ ಅಂತಾರೆ. ಇದು ಯಾವ ಸಭೆಯಲ್ಲೂ ಹೊರಬರುವ ಮಾತಲ್ಲ. ಹುಡುಗಿ ಅಜ್ಜಿಗೆ ಒಂದು ಮಾತೂ ಉಪದೇಶ ಮಾಡಲಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಮನೆ ತೋರಿಸಿದಳು. ಮುಂದಿನ ವಾರ ಅವರು ಹೋಗಿ ಮಾತ್ರೆಯ ಪಟ್ಟಿ ಎಣಿಸಿ, ದಿನಾ ರಾತ್ರಿ ಊಟದ ಜೊತೆಗೆ ಎಂದು ಸೊಸೆಗೆ ಒಪ್ಪಿಸಿ ಬಂದರು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮಾಡಬೇಕೆಂದಿರುವುದೂ ಇದೇ: ಮೂವತ್ತು ದಾಟಿದವರ ಮನೆ ಬಾಗಿಲಿಗೇ ಹೋಗಿ ಸಕ್ಕರೆ, ಬಿಪಿ ನೋಡುವುದು. ಆಶಾ ಅಕ್ಕಂದಿರಿಗೆ ತಲೆ ಮೇಲೆ ಹೊರೆ ಬಹಳ. ನಮ್ಮ ಹುಡುಗರು ಅವರ ಜಾಗಕ್ಕೆ ಹೋಗಬಾರದು, ಅವರ ಕಣ್ಣು ಕಿವಿಗಳಾಗಬಹುದು.

ಓರಗೆಯವರಿಂದ ಓರಗೆಯವರಿಗೆ ಎಂಬ ದಾರಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ ಎರಡು ವರ್ಷ ‘ಮೈತ್ರಿ’ ಎಂಬ ತಂಬಾಕು ತಡೆ ಪ್ರಯೋಗ ನಡೆಯಿತು. ಹುಡುಗರಲ್ಲೇ ಕೆಲವರನ್ನು ಮುಂದಾಳುಗಳಾಗಿ ತಯಾರು ಮಾಡಿ, ತರಗತಿಯೊಳಗೆ ಸಣ್ಣ ಗುಂಪುಗಳಲ್ಲಿ ಚರ್ಚೆ ನಡೆಸಿದರು. ಮನೆಗೆ ಕಾರ್ಡು ಕಳಿಸಿ ಅಪ್ಪ ಅಮ್ಮಂದಿರನ್ನೂ ಎಳೆದುಕೊಂಡರು. ಪ್ರಯೋಗ ನಡೆದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 17ರಷ್ಟು ಇಳಿಯಿತು, ನಡೆಯದ ಶಾಲೆಗಳಲ್ಲಿ ಶೇ 68ರಷ್ಟು ಏರಿತು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅವರು ಚಿಕ್ಕ ಮಕ್ಕಳು, ಪದವಿ ಹುಡುಗರಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಎರಡು ವರ್ಷ ಬಿಡದೆ ಮಾಡಿದ್ದು ಮತ್ತು ಒಂದು ದಿನ ಬೀದಿಯಲ್ಲಿ ಕೂಗಿದ್ದು, ಇವೆರಡರ ನಡುವಿನ ಅಂತರ ಯಾವ ವಯಸ್ಸಿಗೂ ಒಂದೇ.

ಈಗ ಕಾಂಪೌಂಡಿನೊಳಗೆ ಬರೋಣ. ನಮ್ಮ ಹುಡುಗಿಯರು ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರು. ಅಲ್ಲಿ ಹಾಲು ಇತ್ತು, ಬಿಸಿಯೂಟ ಇತ್ತು, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಇತ್ತು. ಕಾಲೇಜಿಗೆ ಕಾಲಿಟ್ಟ ದಿನ ಅವೆಲ್ಲ ಒಟ್ಟಿಗೇ ನಿಂತುಹೋಗುತ್ತವೆ. ಹದಿನಾರಕ್ಕೆ ಹಸಿವು ನಿಂತುಹೋಗುತ್ತದೆಯೇನೋ ಎಂಬಂತೆ. ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರು ನಮ್ಮ ಬೆಂಚುಗಳ ಮೇಲೂ ಕೂತಿದ್ದಾರೆ.

ನಮ್ಮ ಘಟಕದ ಹುಡುಗಿಯರು ತಮ್ಮ ತಮ್ಮಲ್ಲೇ ಒಂದು ವಿಚಾರಣೆ ಮಾಡಿದರು. ಹೆಸರಿಲ್ಲದ ಚೀಟಿ, ಒಂದೇ ಪ್ರಶ್ನೆ: ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ಎಷ್ಟು ನೀರು ಕುಡಿಯುತ್ತೀ? ‘ಒಂದು ಗುಟುಕು’, ‘ಮಾತ್ರೆ ನುಂಗೋದಿದ್ರೆ ಮಾತ್ರ’, ‘ಇಲ್ಲ’ ಎಂಬಂಥ ಉತ್ತರಗಳೇ ಹೆಚ್ಚು. ಕಾರಣವನ್ನು ಯಾರೂ ಕೇಳಿರಲಿಲ್ಲ, ಆದರೂ ಬರೆದಿದ್ದರು. ಶೌಚಾಲಯದ ಚಿಲಕ ಮುರಿದಿದೆ. ಮಧ್ಯಾಹ್ನದ ಮೇಲೆ ನಲ್ಲಿಯಲ್ಲಿ ನೀರಿಲ್ಲ. ಬಕೆಟ್ಟಿಗೆ ಹಿಡಿ ಇಲ್ಲ. ತಿಂಗಳ ದಿನಗಳಲ್ಲಿ ಕಾಲೇಜಿಗೇ ಬರುವುದಿಲ್ಲ. ಇದೇ ಹುಡುಗಿಯರನ್ನು ಕೂರಿಸಿಕೊಂಡು ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದು ಹೇಳಿಸಿದ್ದೆವಲ್ಲ!

ಆ ಚೀಟಿಗಳನ್ನು ಒಟ್ಟು ಮಾಡಿ ಒಂದು ಹಾಳೆಯಲ್ಲಿ ಬರೆದು ಪ್ರಾಂಶುಪಾಲರ ಮೇಜಿನ ಮೇಲಿಟ್ಟರು. ಚಿಲಕ, ಬಕೆಟ್, ಮಗ್ಗು, ಮುಚ್ಚಳವಿರುವ ಕಸದ ಡಬ್ಬಿ ಎಲ್ಲ ಸೇರಿ ತಗುಲಿದ ಖರ್ಚು ಒಂದು ಜಾಗೃತಿ ಕಾರ್ಯಕ್ರಮದ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಿಂತ ಕಡಿಮೆ. ನೀರಿನದು ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಮೇಲಿನ ತೊಟ್ಟಿಗೆ ಬೆಳಿಗ್ಗೆ ಒಂದೇ ಸಲ ಮೋಟಾರು ಹಾಕುತ್ತಿದ್ದರು, ಎರಡನೇ ಸಲ ಹಾಕಲು ಆಳಿಲ್ಲ ಎಂದರು. ಕೊನೆಗೆ ಊಟದ ಬಿಡುವಿನಲ್ಲಿ ಮೋಟಾರು ಹಾಕಿ ಆರಿಸುವ ಪಾಳಿಯನ್ನು ಹುಡುಗಿಯರೇ ಹಂಚಿಕೊಂಡರು. ಇದು ಆರೋಗ್ಯ ಪ್ರಚಾರವೇ? ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದನ್ನು ನಮ್ಮ ಘಟಕ ಮಾಡಿಲ್ಲ.

ತಿಂಡಿಯ ವಿಷಯದಲ್ಲೂ ಹೀಗೆಯೇ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮವಿದೆ. ಕಾಲೇಜಿಗೆ ಅದು ಅನ್ವಯಿಸುವುದಿಲ್ಲ. ಕ್ಯಾಂಟೀನಿನಲ್ಲಿ ಜಂಕ್ ಫುಡ್ ಬೇಡ ಎಂದು ಯುಜಿಸಿ 2016ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಸುತ್ತೋಲೆ ಕಳಿಸಿತು. ಸುತ್ತೋಲೆ ಬಂದಾಗ ನಮ್ಮಂಥ ಎಷ್ಟೋ ಕಾಲೇಜುಗಳಲ್ಲಿ ಕ್ಯಾಂಟೀನೇ ಇರಲಿಲ್ಲ, ಈಗಲೂ ಇಲ್ಲ. ಗೇಟಿನ ಹೊರಗೆ ಎಗ್ ರೈಸ್, ಗೋಬಿ ಗಾಡಿ ಇದೆ. 2024ರಲ್ಲಿ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ ಹೇಳಿದ ಮೇಲೆ ಗಾಡಿಯವನು ಬಣ್ಣ ಬಿಟ್ಟ, ಎಣ್ಣೆ ಬಿಡಲಿಲ್ಲ. ಅವನನ್ನು ಓಡಿಸಿ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಹೇಳಿದರು. ಓಡಿಸಿದರೆ ಬೆಳಿಗ್ಗೆ ಉಣ್ಣದೆ ಬಂದ ಹುಡುಗ ಮಧ್ಯಾಹ್ನವೂ ಉಣ್ಣುವುದಿಲ್ಲ, ಅಷ್ಟೇ. ನಮ್ಮ ಹುಡುಗರು ಬೇರೆ ಉಪಾಯ ಮಾಡಿದರು. ಬೇಯಿಸಿದ ಮೊಟ್ಟೆ, ಕಡಲೆ ಉಸಲಿ, ಬಾಳೆಹಣ್ಣು ಇಟ್ಟರೆ ದಿನಕ್ಕೆ ಇಷ್ಟು ಜನ ಕೊಳ್ಳುತ್ತೇವೆ ಎಂದು ಅವನ ಕೈಗೆ ಪಟ್ಟಿ ಕೊಟ್ಟರು. ಮೊಟ್ಟೆ ಮತ್ತು ಹಣ್ಣು ನಿಂತವು. ಉಸಲಿ ಮಾತ್ರ ಸಂಜೆವರೆಗೆ ಉಳಿದು ಹಳಸುತ್ತದೆಂದು ಅವನೇ ನಿಲ್ಲಿಸಿದ.

ತಂಬಾಕಿನ ವಿಷಯ ಇಷ್ಟು ಸಲೀಸಲ್ಲ. ನಮ್ಮದು ತೆಂಗು, ಅಡಿಕೆಯ ಸೀಮೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಎರಡು ದಶಕದ ಹಿಂದೆಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತರಬೇತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತ. ‘ಮೇಡಂ, ನನ್ ಫೀಸು ಕಟ್ಟಿರೋದೇ ಅಡಿಕೆ ದುಡ್ಡಲ್ಲಿ. ಅಡಿಕೆ ಬೇಡ ಅಂತ ನಾನು ನಮ್ಮೂರಲ್ಲಿ ಹೆಂಗೆ ಹೇಳ್ಲಿ?’ ಸಭೆ ಗೊಳ್ಳೆಂದಿತು. ನಾನು ನಗಲಿಲ್ಲ, ಯಾಕೆಂದರೆ ಅವನ ಪ್ರಶ್ನೆಗೆ ಜಾಥಾದ ಫಲಕದಲ್ಲಿ ಉತ್ತರವಿಲ್ಲ. ನೀನು ಅಪ್ಪನೆದುರು ನಿಲ್ಲಬೇಕಾಗಿಲ್ಲ, ನಿನ್ನ ಪಕ್ಕ ಕೂತವನ ಬಾಯಿ ನೋಡು ಎಂದೆ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಜೋಡಿಯಾಗಿ ಮಾರುತ್ತಾರೆ, ಕೊಂಡವನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಈ ಹುಡುಗ ತನ್ನ ತರಗತಿಯ ಗೆಳೆಯರ ಜೊತೆ ಕೂತು, ಆ ಜೋಡಿಗೆ ದಿನಕ್ಕೆಷ್ಟು, ತಿಂಗಳಿಗೆಷ್ಟು ಖರ್ಚು ಎಂದು ಬರೆಸಿದ. ಕ್ಯಾನ್ಸರಿನ ಚಿತ್ರಕ್ಕೆ ಹೆದರದವರು ಬೈಕಿನ ಪೆಟ್ರೋಲಿಗೆ ಸಮನಾದ ಮೊತ್ತ ನೋಡಿ ಬೆವರಿದರು. ಎಲ್ಲರೂ ಬಿಟ್ಟರೆಂದಲ್ಲ. ಬಾಯಿ ಪೂರ್ತಿ ತೆರೆಯಲಾಗದ ಒಬ್ಬನನ್ನು ಮಾತ್ರ ಇವನೇ ದಂತ ವೈದ್ಯರ ಹತ್ತಿರ ಕರೆದುಕೊಂಡು ಹೋದ.

ಈ ವಿಷಯದಲ್ಲಿ ಕಾನೂನೂ ಬದಲಾಗಿದೆ. ರಾಜ್ಯದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ತಂಬಾಕು ಮಾರಾಟಕ್ಕೆ ವಯಸ್ಸಿನ ಮಿತಿ 18ರಿಂದ 21ಕ್ಕೆ ಏರಿತು. ಅಂದರೆ ಪದವಿ ತರಗತಿಯ ಬಹುಪಾಲು ಹುಡುಗರಿಗೆ ಅಂಗಡಿಯವನು ಸಿಗರೇಟು ಕೊಡುವಂತಿಲ್ಲ. ಇದು ಹುಡುಗರಿಗೂ ಗೊತ್ತಿರಲಿಲ್ಲ, ಅಂಗಡಿಯವರಿಗೂ ಗೊತ್ತಿರಲಿಲ್ಲ.

ತರಬೇತಿಯಲ್ಲಿ ಏನಿರಬೇಕು ಎಂದರೆ, ಮೊದಲಿಗೆ ಏನು ಮಾಡಬಾರದು ಎಂಬುದು. ಡಿಜಿಟಲ್ ಬಿಪಿ ಯಂತ್ರ ಕೈಗೆ ಬಂದರೆ ಹತ್ತೊಂಬತ್ತರ ಹುಡುಗ ಅರ್ಧ ಡಾಕ್ಟರಾಗಿಬಿಡುತ್ತಾನೆ. ಹೊಲದಿಂದ ಬಿರಬಿರನೆ ನಡೆದು ಬಂದವರ ತೋಳಿಗೆ ಪಟ್ಟಿ ಸುತ್ತಿ, ‘ಮಾವ, ನಿಮಗೆ ಬಿಪಿ ಐತೆ’ ಎಂದು ಒಬ್ಬ ಹೇಳಿದ್ದಕ್ಕೆ ಆ ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿರಬಾರದು. ತೋಳು ಎದೆಮಟ್ಟಕ್ಕಿರಬೇಕು. ಎರಡು ಸಲ ನೋಡಬೇಕು. ಸಂಖ್ಯೆಯನ್ನಷ್ಟೇ ಚೀಟಿಯಲ್ಲಿ ಬರೆದು ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು, ಕಾಯಿಲೆಯ ಹೆಸರು ಹುಡುಗರ ಬಾಯಲ್ಲಿ ಬರಕೂಡದು. ಇದನ್ನು ಕಲಿಸಲು ನಮಗೆ ಬೆಂಗಳೂರಿನ ಸಂಪನ್ಮೂಲ ವ್ಯಕ್ತಿ ಬೇಕಿಲ್ಲ. ಹತ್ತಿರದ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಊರಿನ ಆಶಾ, ಹಾಸ್ಟೆಲಿನ ಅಡುಗೆಯವರು, ನಮ್ಮದೇ ದೈಹಿಕ ಶಿಕ್ಷಣ ನಿರ್ದೇಶಕರು ಸಾಕು. ಆಟದ ಮೈದಾನ ಸಂಜೆ ನಾಲ್ಕಕ್ಕೆ ಹುಡುಗರ ಕ್ರಿಕೆಟ್ಟಿಗೆ ಬರೆದುಕೊಟ್ಟಂತಿದೆ. ವಾರಕ್ಕೆ ಎರಡು ದಿನ ಅದನ್ನು ಹುಡುಗಿಯರಿಗೆ ಬಿಡಿಸಿಕೊಡುವುದು ಯೋಗದಿನದ ಚಾಪೆಗಿಂತ ಹೆಚ್ಚಿನ ಕೆಲಸ.

ಪಠ್ಯಕ್ರಮದ ಮೂಲಕ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಮಾಡಿ ನೋಡಿದ್ದೇವೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಆರೋಗ್ಯ, ಯೋಗ, ಕ್ರೀಡೆಗೆ ಕ್ರೆಡಿಟ್ ಕೊಟ್ಟರು, 2024ರಲ್ಲಿ ಆ ಪಠ್ಯಕ್ರಮವನ್ನೇ ರಾಜ್ಯ ಕೈಬಿಟ್ಟಿತು. ಇದ್ದಷ್ಟು ದಿನವೂ ಅದು ಹಾಜರಿ ನೋಡಿ ಅಂಕ ಹಾಕುವ ವ್ಯವಹಾರವಾಗಿತ್ತು. ಪಾಠ ಮಾಡಬೇಕಾದ ಅತಿಥಿ ಉಪನ್ಯಾಸಕರಿಗೆ ಸಂಬಳವೇ ಹೊತ್ತಿಗೆ ಸರಿಯಾಗಿ ಬರದಿರುವಾಗ ಅವರನ್ನು ದೂರುವಂತಿಲ್ಲ.

ಎನ್‌ಎಸ್‌ಎಸ್‌ನಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಅದರಲ್ಲಿ ಅರ್ಧವನ್ನು ಮೊದಲ ವರ್ಷ ಕಾಲೇಜು, ಹಾಸ್ಟೆಲುಗಳ ನೀರು, ಶೌಚಾಲಯ, ಊಟ, ಬಸ್ಸುಗಳ ಮೇಲೆ ಕಳೆಯಲು ವಿಶ್ವವಿದ್ಯಾಲಯ ಒಪ್ಪಬೇಕು. ವಿದ್ಯಾರ್ಥಿಗಳು ಕೊಟ್ಟ ವರದಿಗೆ ಪ್ರಾಂಶುಪಾಲರು ಆ ಸೆಮಿಸ್ಟರಿನೊಳಗೆ ಲಿಖಿತ ಉತ್ತರ ಕೊಡಬೇಕೆಂಬ ನಿಯಮ ಬರಬೇಕು. ‘ಮಕ್ಕಳ ಕೈಗೆ ಪ್ರಾಂಶುಪಾಲರನ್ನು ಪ್ರಶ್ನೆ ಮಾಡೋ ಕಾಗದ ಕೊಡ್ತೀರಾ ಮೇಡಂ?’ ಎಂದು ಹಿರಿಯರೊಬ್ಬರು ಕೇಳಿದರು. ಹೌದು, ಕೊಡಬೇಕು. ತಾನು ಕೂರುವ ಕಟ್ಟಡದ ಚಿಲಕವನ್ನು ಸರಿ ಮಾಡಿಸಲಾಗದವರು ಊರಿನ ಅಭ್ಯಾಸವನ್ನು ಬದಲಾಯಿಸುತ್ತಾರೆಂದು ನನಗೆ ನಂಬಿಕೆಯಿಲ್ಲ.

ಈ ಸಲದ ಪಟ್ಟಿಯಲ್ಲಿ ಮೊದಲಿರುವುದು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಲ್ಲಿ ಹುಡುಗಿಯರ ಹಾಜರಿ ಹೆಚ್ಚಿದೆ, ಬಸ್ಸು ಹೆಚ್ಚಿಲ್ಲ. ಆರೂವರೆಯದು ತಪ್ಪಿದರೆ ಮುಂದಿನದು ಒಂಬತ್ತೂಕಾಲಿಗೆ, ಅಷ್ಟರಲ್ಲಿ ಮೊದಲ ತರಗತಿ ಮುಗಿದಿರುತ್ತದೆ. ಏಳೂವರೆಗೆ ಒಂದು ಬಸ್ಸು ಬಿಟ್ಟರೆ ಆ ಮಾರ್ಗದ ಹುಡುಗಿಯರು ಮನೆಯಲ್ಲಿ ರೊಟ್ಟಿಯನ್ನೋ ಮುದ್ದೆಯನ್ನೋ ತಿಂದು ಬರಬಹುದು. ಯಾವ ಊರಿನಿಂದ ಎಷ್ಟು ಜನ, ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ಜನ ತಿಂದು ಬರುತ್ತಾರೆ ಎಂಬುದನ್ನೆಲ್ಲ ಹುಡುಗರು ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿದ್ದಾರೆ. ಅರ್ಜಿ ಡಿಪೊ ವ್ಯವಸ್ಥಾಪಕರ ಕಚೇರಿಗೆ ಹೋಗಿದೆ, ಸ್ವೀಕೃತಿಯ ಮೊಹರೂ ಬಿದ್ದಿದೆ. ಉತ್ತರ ಬರದಿದ್ದರೆ ಮುಂದಿನ ತಿಂಗಳು ಪ್ರತಿಯನ್ನು ಶಾಸಕರಿಗೆ ಕೊಡುವುದೆಂದು ಘಟಕದ ಸಭೆಯಲ್ಲಿ ತೀರ್ಮಾನವಾಗಿದೆ.